ಅಳತೆ ಜಂಪರ್

1.

ನಿಮ್ಮನೇಲಿ ಬ್ಲೌಸಿಗೆ ಏನಂತಾರೆ? ಮೊದಲು ಅದನ್ನ ಮನಸ್ಸಲ್ಲೇ ಹೇಳ್ಕೊಳ್ಳಿ, ಆಮೇಲೆ ಮುಂದೆ ಓದಿ.

ನಮ್ಮನೇಲಿ ಒಂದೇ ಬಟ್ಟೆಗೆ ಮೂರು ಹೆಸರಿದೆ. ನಾನು, ಅಕ್ಕ ಬ್ಲೌಸ್ ಅಂತೀವಿ. ಅಮ್ಮ ಜಂಪರ್ ಅಂತಾಳೆ. ಅವಳು ಹೊಲಿಯೋಳು, ನ್ಯಾಮತೀಲಿ ನಮ್ಮನೆ ಮುಂದಿನ ಕೋಣೇಲೇ ಅವಳ ಮಷಿನ್ ಇರೋದು. ಅಜ್ಜಿ ಮಾತ್ರ ಒಮ್ಮೆ ಕುಬಸ ಅಂತಾಳೆ, ಒಮ್ಮೆ ಜಂಪರ್ ಅಂತಾಳೆ. ಎರಡೂ ಒಂದೇ ತಾನೇ ಅಜ್ಜಿ ಅಂದ್ರೆ ಜಗಳಕ್ಕೇ ಬರ್ತಾಳೆ. "ಕುಬಸ ಬ್ಯಾರೆ, ಜಂಪರ್ ಬ್ಯಾರೆ. ನಿಂಗೇನು ಗೊತ್ತೈತೆ?"

ಮೊದಲನೇ ಫೋಟೋದಲ್ಲಿ ಇರೋದು ಜಂಪರ್. ಇಟ್ಟಿಗೆ ಪುಡಿ ಬಣ್ಣ, ಬೆನ್ನಲ್ಲಿ ಎರಡು ತೂತು. ನೋಡೋಕೆ ಹಳೇ ಒರೆಸೋ ಬಟ್ಟೆ ಥರ ಇದೆ, ನಂಗೆ ಗೊತ್ತು. ನಾನೂ ಮೊದಲು ಹಂಗೇ ಅಂದ್ಕೊಂಡಿದ್ದೆ. ಇದು ನಮ್ಮಜ್ಜಿಯ ಅವ್ವನದ್ದು. ಅಜ್ಜಿ ಜಗಳೂರು ತಾಲೂಕಿನ ಹಳ್ಳಿಯವಳು, ಹುಟ್ಟಿದ್ದು 1945ರಲ್ಲಿ, ಮನೆಗೆ ಕೊನೇ ಮಗು. ಅವರವ್ವನಿಗೆ ಮದುವೆ ಆದಾಗ ಹದಿನೈದೋ ಹದಿನಾರೋ. ಲೆಕ್ಕ ಹಾಕಿದ್ರೆ 1927, 28ಕ್ಕೆ ಬಂದು ನಿಲ್ಲುತ್ತೆ. (ಬಿಕಾಂ ಓದ್ತಿದೀನಿ, ಇಷ್ಟಾದ್ರೂ ಲೆಕ್ಕ ಬರಲೇಬೇಕು.)

ಈ ಜಂಪರ್ ಕಥೆ ಹೇಳ್ಬೇಕು ಅಂದ್ರೆ ನಾನು ಅಮ್ಮನಿಗೆ ಮಾಡಿದ ಒಂದು ತಪ್ಪನ್ನೂ ಹೇಳ್ಬೇಕಾಗುತ್ತೆ. ಅದು ಮೂರನೇ ಪೋಸ್ಟಲ್ಲಿದೆ. ಅದನ್ನ ಬಿಟ್ಟು ಮುಂದಕ್ಕೆ ಹೋಗ್ಬೇಡಿ.

2.

ಮೊದಲು ಕುಬಸ.

ಕುಪ್ಪಸ ಅಂದ್ರೆ ಹಳೇ ಪದ, ಸಂಸ್ಕೃತದ ಕೂರ್ಪಾಸದಿಂದ ಬಂದದ್ದು. ಆಡುಮಾತಲ್ಲಿ ಕುಬಸ ಆಯ್ತು. ನಮ್ಮ ಕಡೆ ಬಸುರಿ ಹೆಂಗಸಿಗೆ ಏಳನೇ ತಿಂಗಳಲ್ಲಿ ಮಾಡೋ ಶಾಸ್ತ್ರಕ್ಕೂ ಕುಬಸ ಅಂತಲೇ ಹೆಸರು. ಬಟ್ಟೆ ಹೆಸರೇ ಹಬ್ಬದ ಹೆಸರಾಗಿದೆ, ಅಷ್ಟು ಮುಖ್ಯ ಅದು. ಹಳೇ ಕುಬಸಕ್ಕೆ ಗುಂಡಿ ಇಲ್ಲ, ಹುಕ್ ಇಲ್ಲ, ಮುಂದೆ ಎರಡು ತುದಿ ಸೇರಿಸಿ ಗಂಟು ಹಾಕೋದು. ಗುಳೇದಗುಡ್ಡದ ಖಣ ನೋಡಿದೀರಲ್ಲ? ಅಗಲ ಕಮ್ಮಿ, ಎರಡೂ ಕಡೆ ಅಂಚು. ಅದನ್ನ ನೇಯೋದೇ ಕುಬಸಕ್ಕೆ. ಅಂಚು ತೋಳಿನ ತುದಿಗೆ ಬರೋ ಹಾಗೆ ಕತ್ತರಿಸ್ತಾರೆ. ಬಟ್ಟೆ ಹಾಳಾಗಲ್ಲ, ಎಲ್ಲ ನೇರ ನೇರ ತುಂಡು. ಅಷ್ಟು ನೇರ ಕತ್ತರಿಸಿದ್ರೆ ಕೈ ಎತ್ತೋಕೆ ಆಗಲ್ಲ, ಬಗಲಲ್ಲಿ ಹಿಡಿಯುತ್ತೆ. ಅದಕ್ಕೆ ಬಗಲಲ್ಲಿ ಒಂದು ಚೌಕದ ತುಂಡನ್ನ ಓರೆಯಾಗಿ ಕೂರಿಸ್ತಾರೆ. ಈ ಚೌಕದ ತುಂಡು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಈಗ ಜಂಪರ್. ಕನ್ನಡ ಅನ್ನಿಸುತ್ತೆ ಅಲ್ವಾ? ದಾವಣಗೆರೆ ಯಾವ ಅಂಗಡಿಗೆ ಹೋದ್ರೂ "ಜಂಪರ್ ಪೀಸ್ ತೋರ್ಸಿ" ಅಂತೀವಿ. ಉಡಿ ತುಂಬೋವಾಗ ಜಂಪರ್ ಪೀಸ್, ಮನೆಗೆ ಬಂದವರಿಗೆ ಕುಂಕುಮದ ಜೊತೆ ಜಂಪರ್ ಪೀಸ್. ಆದ್ರೆ ಇದು ಇಂಗ್ಲಿಷ್ ಪದ. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಹೆಂಗಸರಲ್ಲಿ ಜಂಪರ್ ಅನ್ನೋದು ದೊಡ್ಡ ಫ್ಯಾಷನ್ ಆಯ್ತು. ತಲೆ ಮೇಲಿಂದ ಹಾಕ್ಕೊಳ್ಳೋ ಸಡಿಲವಾದ ಮೇಲಂಗಿ, ಲಂಗದ ಮೇಲೆ ಟೊಂಕದ ತನಕ ಇಳಿಬಿಡೋದು. ಈಗ ಅಲ್ಲಿ ಜಂಪರ್ ಅಂದ್ರೆ ಸ್ವೆಟರ್. ಅಮೆರಿಕದಲ್ಲಿ ಜಂಪರ್ ಅಂದ್ರೆ ತೋಳಿಲ್ಲದ ಫ್ರಾಕು. ಮೈಗಂಟಿದ ಬ್ಲೌಸಿಗೆ ಜಂಪರ್ ಅನ್ನೋದು ನಾವೇ.

ಆ ಕಾಲದ ಫೋಟೋಗಳನ್ನ ಹುಡುಕಿ ನೋಡಿ. 1926ರಲ್ಲಿ ಶನೆಲ್ ಅವರ ಕಪ್ಪು ಡ್ರೆಸ್ಸಿನ ಚಿತ್ರ ಅಮೆರಿಕದ ವೋಗ್ ಪತ್ರಿಕೇಲಿ ಬಂತು. ಆಗಿನ ಡ್ರೆಸ್ಸಲ್ಲಿ ಸೊಂಟ ಸೊಂಟದ ಜಾಗದಲ್ಲಿ ಇರೋದೇ ಇಲ್ಲ, ಇನ್ನೂ ಕೆಳಗಿರುತ್ತೆ. ಎದೆ ಎದ್ದು ಕಾಣಬಾರದು, ಹುಡುಗರ ಥರ ನೇರ ಕಾಣಬೇಕು. ಲಂಗ ಮಂಡಿವರೆಗೂ ಏರಿ, 1929ರ ಹೊತ್ತಿಗೆ ಮತ್ತೆ ಇಳಿಯೋಕೆ ಶುರು ಆಯ್ತು. ಡಾಟ್ಸ್ ಇಲ್ಲ, ಬಿಗಿ ಇಲ್ಲ, ಹೆಚ್ಚುಕಮ್ಮಿ ಎರಡು ಚೌಕ ಸೇರಿಸಿ ಹೊಲಿದ ಹಾಗೆ. ಹಾಗಾಗಿ ಮನೇಲೇ ಹೊಲಿಯೋಕೆ ಸುಲಭ. ಕಾಗದದ ಅಚ್ಚು ಸಿಗ್ತಿತ್ತು, ತೆಳ್ಳಗಿನ ಹಾಳೆ, ಬಟ್ಟೆ ಮೇಲಿಟ್ಟು ಪಿನ್ ಹಾಕಿ ಕತ್ತರಿಸೋದು. ಬಟರಿಕ್ ಅನ್ನೋ ಅಮೆರಿಕದ ಟೈಲರ್ ಇದನ್ನ 1863ರಲ್ಲೇ ಬೇರೆ ಬೇರೆ ಸೈಜಲ್ಲಿ ಮಾರೋಕೆ ಶುರು ಮಾಡಿದ್ರು. 1927ರಲ್ಲಿ ಸಿಂಪ್ಲಿಸಿಟಿ ಅನ್ನೋ ಕಂಪನಿ ಬಂದು ಇನ್ನೂ ಅಗ್ಗದ ಬೆಲೆಗೆ ಕೊಟ್ಟಿತು.

ನಮ್ಮಲ್ಲಿ ಕಾಗದದ ಅಚ್ಚಿಗೆ ಯಾರೂ ಕಾಯಲಿಲ್ಲ. ಅಮ್ಮನ ಹತ್ರ ಬರೋರು ಇವತ್ತಿಗೂ ಏನು ತರ್ತಾರೆ ಹೇಳಿ? ಹೊಸ ಪೀಸು, ಜೊತೆಗೆ ಒಂದು ಹಳೇ ಜಂಪರ್. "ಇದೇ ಅಳತೆಗೆ ಹೊಲಿಯಮ್ಮ, ತೋಳು ಮಾತ್ರ ಅರ್ಧ ಇಂಚು ಉದ್ದ." ಅದೇ ಅಳತೆ ಜಂಪರ್. ನಮ್ಮ ಅಚ್ಚು ಅದು. ಹಳೇದನ್ನ ನೋಡಿ ಹೊಸದು, ಅದನ್ನ ನೋಡಿ ಇನ್ನೊಂದು. ಒಬ್ಬ ಟೈಲರ್ ಹತ್ತು ವರ್ಷದ ಹಿಂದೆ ಭುಜ ಕಾಲಿಂಚು ಇಳಿಸಿ ತಪ್ಪು ಮಾಡಿದ್ರೆ ಆ ತಪ್ಪು ಇವತ್ತಿಗೂ ನಡ್ಕೊಂಡು ಬರ್ತಿರುತ್ತೆ ಅಂತ ಅಮ್ಮ ನಗ್ತಾಳೆ.

3.

ನನ್ನ ತಪ್ಪು.

ಅಕ್ಕನ್ನ ಚನ್ನಗಿರಿಗೆ ಕೊಟ್ಟಿದೀವಿ. ಈ ವರ್ಷ ಅವಳ ಕುಬಸ. ತವರಿಂದ ಹಸಿರು ಸೀರೆ, ಹಸಿರು ಬಳೆ ಹೋಗಬೇಕು. ಸೀರೆ ತಂದಾಯ್ತು. ಬ್ಲೌಸ್ ಯಾರು ಹೊಲಿಬೇಕು? ಅಕ್ಕ ಫೋನಲ್ಲಿ ನಂಗೆ ಮಾತ್ರ ಹೇಳಿದ್ಲು, "ಅಮ್ಮಂಗೆ ಬೇಜಾರಾಗ್ದಂಗೆ ಹೇಳೇ, ದಾವಣಗೆರೆ ಬೊಟೀಕಲ್ಲಿ ಆರಿ ವರ್ಕ್ ಮಾಡಿಸ್ಕೊಳ್ತೀನಿ. ಇಲ್ಲಿ ಎಲ್ರೂ ಅಲ್ಲೇ ಮಾಡಿಸೋದು."

ಬೇಜಾರಾಗದಂಗೆ ಹೇಳೋದು ಹೆಂಗೆ ಅಂತ ಯೋಚ್ನೆ ಮಾಡಿದೆ. ನಂಗೆ ಆ ಸೆಮಿಸ್ಟರಲ್ಲಿ ಕಾಸ್ಟ್ ಅಕೌಂಟಿಂಗ್ ಇತ್ತು. ಹೊನ್ನಾಳಿ ಕಾಲೇಜಿಂದ ಬರ್ತಾ ಬಸ್ಸಲ್ಲಿ ಕೂತು ಲೆಕ್ಕ ಹಾಕಿದೆ. ಲೈನಿಂಗ್ ಬ್ಲೌಸಿಗೆ ಅಮ್ಮ ತಗೊಳ್ಳೋದು 250. ಲೈನಿಂಗ್ ಬಟ್ಟೆ, ದಾರ, ಹುಕ್ ಸೇರಿ 70 ಕಳೆಯಿರಿ. ಉಳಿದದ್ದು 180. ಕತ್ತರಿಸೋದು, ಹೊಲಿಯೋದು, ಹುಕ್ ಹಾಕೋದು, ಇಸ್ತ್ರಿ ಎಲ್ಲ ಸೇರಿ ನಾಲ್ಕು ಗಂಟೆ. ಗಂಟೆಗೆ 45 ರೂಪಾಯಿ. ಕರೆಂಟು, ಮಷಿನ್ ಸವಕಳಿ ಇನ್ನೂ ಸೇರಿಸಿಲ್ಲ.

ಮನೆಗೆ ಬಂದವಳೇ ಹೇಳಿದೆ. "ಅಮ್ಮ, ನಿನ್ನ ಕೆಲಸಕ್ಕೆ ಗಂಟೆಗೆ 45 ರೂಪಾಯಿ ಬೀಳುತ್ತೆ. ಇದು ಲಾಸ್. ಅಕ್ಕನ ಬ್ಲೌಸಿಗೆ ನೀನು ಯಾಕೆ ಕಣ್ಣು ಕೆಡಿಸ್ಕೋತೀಯ, ಹೊರಗಡೆ ಕೊಡೋಣ." ಹೇಳೋವಾಗ ನಾನು ಅವಳ ಪರವಾಗೇ ಮಾತಾಡ್ತಿದೀನಿ ಅಂತಲೇ ಅಂದ್ಕೊಂಡಿದ್ದೆ. ಅಮ್ಮ ಏನೂ ಅನ್ಲಿಲ್ಲ. "ಆಯ್ತು, ಕೊಡ್ರಿ" ಅಂದ್ಲು. ಅವತ್ತು ಸಂಜೆ ಮಷಿನ್ ಮೇಲೆ ಹೊದಿಸೋ ಬಟ್ಟೆ ತೆಗೀಲಿಲ್ಲ. ಮರುದಿನವೂ ತೆಗೀಲಿಲ್ಲ. ಆ ಮಷಿನಿಂದಲೇ ನನ್ನ ಫೀಸು ಹೋಗಿದೆ, ಅಕ್ಕನ ಮದುವೆಗೆ ಹಾಕಿದ ಚೀಟಿಯ ಕಂತೂ ಹೋಗಿದೆ. ಅದನ್ನ ನಾನು ಯಾವ ಕಾಲಮ್ಮಲ್ಲೂ ಬರೆದಿರಲಿಲ್ಲ.

4.

ಬೊಟೀಕ್ ಬ್ಲೌಸ್ 2,800. ಅಳತೆ ಕೊಟ್ಟಿದ್ದು ಐದನೇ ತಿಂಗಳಲ್ಲಿ, ಬ್ಲೌಸ್ ಕೈಗೆ ಬಂದಿದ್ದು ಏಳನೇ ತಿಂಗಳಲ್ಲಿ, ಕುಬಸಕ್ಕೆ ನಾಲ್ಕು ದಿನ ಇದೆ ಅನ್ನೋವಾಗ. ಬಸುರಿ ಮೈ ಎರಡು ತಿಂಗಳು ಸುಮ್ನೆ ಇರುತ್ತಾ? ಎದೆ ಹತ್ರ ಹುಕ್ ಕೂಡಲಿಲ್ಲ, ತೋಳು ಬಿಗಿದು ಕೈ ಎತ್ತೋಕಾಗ್ಲಿಲ್ಲ. ಅಕ್ಕ ವಿಡಿಯೋ ಕಾಲಲ್ಲಿ ಅತ್ತು ಬಿಟ್ಲು. ಬೊಟೀಕಿಗೆ ಫೋನ್ ಮಾಡಿದ್ರೆ ಮುಂದಿನ ವಾರ ತನ್ನಿ ಅಂದ್ರು.

ಅಪ್ಪ ಬೈಕಲ್ಲಿ ಚನ್ನಗಿರಿಗೆ ಹೋಗಿ ಬ್ಲೌಸು, ಸೀರೆ ಎರಡೂ ತಂದ್ರು. ಅಮ್ಮ ಒಳಗಡೆ ತಿರುಗಿಸಿ ನೋಡಿದ್ಲು. ಮಾರ್ಜಿನ್ನೇ ಇಲ್ಲ. ಒಳಗೆ ಮಡಚಿಡೋ ಬಟ್ಟೆಯನ್ನ ಅಂದವಾಗಿ ಕತ್ತರಿಸಿ ಓವರ್‌ಲಾಕ್ ಮಾಡಿಬಿಟ್ಟಿದಾರೆ. ನಮ್ಮಮ್ಮ ಎರಡೂ ಕಡೆ ಒಂದೂವರೆ ಇಂಚು ಬಿಟ್ಟೇ ಹೊಲಿಯೋಳು. "ಹೆಂಗಸರ ಮೈ ಒಂದೇ ಥರ ಇರುತ್ತೇನೆ?" ಅಂತ ಅವಳ ಮಾತು. ಈ ಬ್ಲೌಸಲ್ಲಿ ಬಿಚ್ಚೋಕೆ ಏನೂ ಇರಲಿಲ್ಲ. ಅಮ್ಮ ಅದನ್ನ ಮಂಚದ ಮೇಲಿಟ್ಟು ಸುಮ್ನೆ ಕೂತ್ಲು.

ಆಗ ಅಜ್ಜಿ ಎದ್ದು ಹೋಗಿ ಟ್ರಂಕಿಂದ ಆ ಇಟ್ಟಿಗೆ ಬಣ್ಣದ ಗಂಟು ತಂದ್ಲು. "ಇದ್ರ ಬಗಲು ನೋಡವ್ವ" ಅಂತ ಅಮ್ಮನ ಮಡಿಲಿಗೆ ಹಾಕಿದ್ಲು.

5.

ಅಜ್ಜಿ ಹೇಳಿದ ಕಥೆ ಇದು. ಅವಳ ಅಪ್ಪ ಹತ್ತಿ ಮಾರೋಕೆ ಗಾಡಿ ಕಟ್ಕೊಂಡು ದಾವಣಗೆರೆಗೆ ಹೋಗ್ತಿದ್ರಂತೆ. ಜಗಳೂರಿಗೆ ಆಗ ರೈಲು ಇರಲಿಲ್ಲ, ದಾವಣಗೆರೆಗಿತ್ತು, ಹಾಗಾಗಿ ಹೊಸದು ಏನು ಬಂದ್ರೂ ಮೊದಲು ಅಲ್ಲಿಗೇ. ಒಂದು ಸಲ ಹತ್ತಿಗೆ ಒಳ್ಳೇ ರೇಟು ಸಿಕ್ಕು, ಹೊಸ ಹೆಂಡ್ತಿಗೆ ಅಂತ ಒಂದು ಕೆಂಪು ಜಂಪರ್ ಹೊಲಿಸ್ಕೊಂಡು ಬಂದ್ರಂತೆ. ಅಳತೆ ಯಾವ್ದು ಕೊಟ್ರು ಅಜ್ಜಿ ಅಂದ್ರೆ, "ಕೈಯಲ್ಲಿ ತೋರ್ಸಿರ್ತಾನೆ, ಇನ್ನೇನು" ಅಂತ ನಕ್ಕಳು.

ಮುಂದೆ ಗಂಟಿಲ್ಲ. ತಲೆ ಮೇಲಿಂದ ಹಾಕ್ಕೋಬೇಕು. ಮುತ್ತಜ್ಜಿಯ ಅತ್ತೆ ಬೈದಿದ್ದೇ ಬೈದಿದ್ದು. "ಗಂಡಸ್ರು ಅಂಗಿ ತೊಟ್ಟಂಗೆ ತಲೆಯಿಂದ ಹಾಕ್ಕಂತಾಳೆ, ಮುತ್ತೈದೆ ಎದೆ ಮೇಲೆ ಗಂಟಿಲ್ಲ ಅಂದ್ರೆ ಏನು ಲಕ್ಷಣ" ಅಂತ. ಹೊಲದಿಂದ ಬಂದವಳು ಕದ್ದು ಹಾಕ್ಕೊಂಡು ನೀರಿನ ಹಂಡೇಲಿ ಮುಖ ನೋಡ್ಕೊಳ್ತಿದ್ಲಂತೆ. ಇಡೀ ಊರಲ್ಲಿ ಜಂಪರ್ ತೊಟ್ಟ ಮೊದಲನೇ ಹೆಂಗಸು ನಮ್ಮವ್ವ ಅಂತ ಅಜ್ಜಿ ಹೇಳೋವಾಗ ಮುಖ ನೋಡ್ಬೇಕಿತ್ತು ನೀವು. ನನ್ನ ಜೀನ್ಸ್ ನೋಡಿ ಮೂಗು ಮುರಿಯೋ ಅಜ್ಜಿ ಇವಳೇ ಅಂದ್ರೆ ನಂಬೋಕಾಗಲ್ಲ.

ಇಲ್ಲಿ ನನ್ನ ಬಿಕಾಂ ಒಂದು ಸಲ ಉಪಯೋಗಕ್ಕೆ ಬಂತು. ಈ ಜಂಪರಿನ ಭುಜ, ಪಕ್ಕ ಎಲ್ಲ ಮಷಿನ್ ಹೊಲಿಗೆ. 1920ರ ದಶಕದಲ್ಲಿ ಭಾರತದಲ್ಲಿ ಉಷಾ ಮಷಿನ್ ಇನ್ನೂ ಬಂದಿರಲಿಲ್ಲ. ಇದ್ದದ್ದು ಹೊರದೇಶದ ಮಷಿನ್‌ಗಳು, ಅದ್ರಲ್ಲೂ ಸಿಂಗರ್. ಅಷ್ಟು ದುಡ್ಡಿನ ಮಷಿನನ್ನ ಸಾಮಾನ್ಯ ಟೈಲರ್ ಹೆಂಗೆ ಕೊಳ್ತಿದ್ದ? ಕಂತಲ್ಲಿ. 1850ರ ದಶಕದಲ್ಲೇ ಸಿಂಗರ್ ಕಂಪನಿ ಮಷಿನ್ ಮೊದಲು ಕೊಟ್ಟು ದುಡ್ಡು ತಿಂಗಳು ತಿಂಗಳು ತಗೊಳ್ಳೋ ಪದ್ಧತಿ ತಂದಿತ್ತು. ಹೈಯರ್ ಪರ್ಚೇಸ್ ಅಂತ ನಾವು ಬಡ್ಡಿ ಬೇರೆ, ಅಸಲು ಬೇರೆ ಮಾಡಿ ತಲೆ ಕೆಡಿಸ್ಕೊಳ್ಳೋ ಆ ಅಧ್ಯಾಯ ಇದೆಯಲ್ಲ, ಅದು ಲೋಕಕ್ಕೆಲ್ಲ ಹಬ್ಬಿದ್ದು ಹೊಲಿಗೆ ಮಷಿನ್ ಜೊತೆ. ದಾವಣಗೆರೆಗೆ ಮ್ಯಾಂಚೆಸ್ಟರ್ ಅನ್ನೋ ಹೆಸರು ಬಂದದ್ದು ಇದಾದ ಎಷ್ಟೋ ವರ್ಷಕ್ಕೆ. ಆಗ ಅಲ್ಲಿ ಹತ್ತಿ ವ್ಯಾಪಾರ ಜೋರಿತ್ತು. ಮುತ್ತಜ್ಜ ಹತ್ತಿ ಕೊಟ್ಟು ಬಟ್ಟೆ ತಂದ.

ಆಗ ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆ, ಜಗಳೂರು ಚಿತ್ರದುರ್ಗ, ನಮ್ಮ ನ್ಯಾಮತಿ ತಾಲೂಕೇ ಆಗಿರಲಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಆದ ಮೇಲೇ ಇವೆಲ್ಲ ಒಂದು ಕಡೆ ಸೇರಿದ್ದು. ಅಜ್ಜಿಗೆ ಇವತ್ತಿಗೂ ಜಗಳೂರು ಅಂದ್ರೆ ದುರ್ಗದ ಸೀಮೆ, ನಾವು ಮಲೆನಾಡಿನ ಸೆರಗು.

6.

ಅಮ್ಮ ಕನ್ನಡಕ ಹಾಕ್ಕೊಂಡು ಜಂಪರನ್ನ ಒಳಗೆ ಹೊರಗೆ ತಿರುಗಿಸಿದ್ಲು. ಡಾಕ್ಟರ್ ಎಕ್ಸ್‌ರೇ ನೋಡ್ದಂಗೆ. ಮೊದಲು ಅವಳ ಕಣ್ಣಿಗೆ ಬಿದ್ದಿದ್ದು ಬಗಲಲ್ಲಿ ಓರೆಯಾಗಿ ಕೂರಿಸಿದ ಚೌಕದ ತುಂಡು. ಕುಬಸದ್ದು. ಆ ದಾವಣಗೆರೆ ಟೈಲರ್ ಹೊಸ ಫ್ಯಾಷನ್ನಿನ ಸಡಿಲ ಜಂಪರ್ ಹೊಲಿದಿದಾನೆ, ಆದ್ರೆ ಬಗಲು ಮಾತ್ರ ಅವನಿಗೆ ಗೊತ್ತಿದ್ದ ಹಾಗೇ ಕತ್ತರಿಸಿದಾನೆ. "ಅತ್ತೆ, ಇದು ಹೊರಗಡೆ ಜಂಪರ್ರು, ಬಗಲಲ್ಲಿ ಕುಬಸ ಕಣ್ರೀ" ಅಂದ್ಲು ಅಮ್ಮ. ಎರಡೂ ಬ್ಯಾರೆ ಅನ್ನೋ ಅಜ್ಜಿ ಏನಂದ್ಲು ಗೊತ್ತಾ? "ಹಂಗಂತ ಒಂದೇ ಅಲ್ಲ."

ಆಮೇಲೆ ಇನ್ನೊಂದು. ಮುಂದಿನ ಕತ್ತಿನಿಂದ ಎದೆ ತನಕ ಒಂದು ಸೀಳಿದೆ, ನಾಲ್ಕು ಗುಂಡಿ. ಆ ಸೀಳಿನ ಅಂಚು ಮಷಿನ್ ಹೊಲಿಗೆ ಅಲ್ಲ, ಕೈ ಹೊಲಿಗೆ, ದಾರದ ಬಣ್ಣವೂ ಬೇರೆ. ಕಾಜ ನಾಲ್ಕೂ ಒಂದೊಂದು ಸೈಜು. ಅಂದ್ರೆ ಮೊದಲು ಅದು ಪೂರ್ತಿ ಮುಚ್ಚಿದ ಜಂಪರ್ರೇ, ತಲೆಯಿಂದ ಹಾಕ್ಕೊಳ್ಳೋದು. ಆಮೇಲೆ ಯಾರೋ ಕತ್ತರಿ ಹಿಡಿದು ಮುಂದೆ ಸೀಳಿದಾರೆ. ಯಾಕೆ ಅಂತ ನಂಗೆ ಹೊಳೀಲಿಲ್ಲ. ಅಮ್ಮ, ಅಜ್ಜಿ ಇಬ್ಬರೂ ನನ್ನ ಮುಖ ನೋಡಿ ನಕ್ಕರು.

"ಕೂಸಿಗೆ ಹಾಲು ಹೆಂಗೆ ಕೊಡಾದೇ?"

ಇಂಗ್ಲೆಂಡಿನ ಜಂಪರ್ ಡಿಸೈನ್ ಮಾಡಿದವರು ಹೊಲದಲ್ಲಿ ಕೂತು ಮಗುಗೆ ಹಾಲು ಕೊಡೋಳನ್ನ ಯೋಚ್ನೆ ಮಾಡಿರಲಿಲ್ಲ. ಮುತ್ತಜ್ಜಿ ಮೊದಲನೇ ಬಾಣಂತನದ ಮೇಲೆ ತಾನೇ ಕತ್ತರಿಸ್ಕೊಂಡಳು. ಆ ಮೊದಲನೇ ಕೂಸು ಅಜ್ಜಿಯ ದೊಡ್ಡಕ್ಕ, ಈಗಿಲ್ಲ. ಅಜ್ಜಿ ಆ ಕಾಜಗಳ ಮೇಲೆ ಹೆಬ್ಬೆರಳು ಆಡಿಸ್ತಾ ತುಂಬ ಹೊತ್ತು ಕೂತಿದ್ಲು. ನಾವು ಮಾತಾಡಿಸಲಿಲ್ಲ.

7.

ಈಗ ಕೆಲಸ. ಬಗಲ ಚೌಕ ಎಷ್ಟು ದೊಡ್ಡದು, ಯಾವ ಓರೆ, ಎಲ್ಲಿಂದ ಎಲ್ಲಿಗೆ ಅಂತ ಅಮ್ಮನಿಗೆ ಬೇಕಿತ್ತು. ಅವಳು ಕಲಿತದ್ದು ಕಟೋರಿ, ಪ್ರಿನ್ಸೆಸ್ ಕಟ್, ಕ್ರಾಸ್ ಕಟ್. ಇದು ಅವಳಿಗೂ ಹೊಸದು. ನ್ಯೂಸ್‌ಪೇಪರ್ ಹಾಸಿ, ಜಂಪರನ್ನ ಮೇಲಿಟ್ಟು, ಹೊಲಿಗೆ ಸಾಲಲ್ಲೇ ಸೂಜಿ ಚುಚ್ಚಿ ಚುಚ್ಚಿ ಪೇಪರಲ್ಲಿ ತೂತು ಮಾಡಿದ್ಲು. ಆ ಚುಕ್ಕೆಗಳನ್ನ ನಾನು ಪೆನ್ಸಿಲಲ್ಲಿ ಸೇರಿಸಿದೆ. ಬಟ್ಟೆ ಬಿಚ್ಚದೇ ಅಚ್ಚು ತೆಗೆಯೋದು ಹಿಂಗೆ, ನಿಮಗೂ ಬೇಕಾದ್ರೆ ಬರುತ್ತೆ. ಬೆನ್ನು ಬಂತು, ಮುಂದಿಂದು ಬಂತು, ತೋಳೂ ಬಂತು. ಬಗಲು ಮಾತ್ರ ಬರಲಿಲ್ಲ. ಅದು ನಾಲ್ಕು ಕಡೆಯಿಂದ ಮಡಚಿಕೊಂಡು ಕೂತಿದೆ, ಸಪಾಟಾಗಿ ಹಾಸೋಕೇ ಆಗಲ್ಲ.

ಬಿಚ್ಚಬೇಕು. ಅಮ್ಮ ಬಾಯಿ ಬಿಟ್ಟು ಕೇಳಲಿಲ್ಲ. ಅವ್ವನದ್ದು ಅಂತ ಅಜ್ಜಿ ಹತ್ರ ಉಳಿದಿರೋ ವಸ್ತು ಇದೊಂದೇ, ಫೋಟೋ ಕೂಡ ಇಲ್ಲ. "ಬೇಡ ಬಿಡಿ ಅತ್ತೆ, ಅಂದಾಜಲ್ಲಿ ಹೊಲಿತೀನಿ" ಅಂದ್ಲು. ಅಜ್ಜಿ ಉತ್ತರ ಕೊಡಲಿಲ್ಲ, ಬ್ಲೇಡ್ ಇಸ್ಕೊಂಡು ಎಡಗಡೆ ಬಗಲನ್ನ ತಾನೇ ಬಿಚ್ಚೋಕೆ ಕೂತ್ಲು. ಒಂದೊಂದೇ ಟಾಕಾ. ಕೈ ನಡುಗುತ್ತೆ ಅವಳಿಗೆ. ಅರ್ಧ ಗಂಟೆ ಆಯ್ತು.

ಎರಡನೇ ಫೋಟೋ ನೋಡಿ. ಬಿಚ್ಚಿದ ಮೇಲೆ ಒಳಗಡೆ ಮಡಚಿದ್ದ ಬಟ್ಟೆ. ಅದು ಕೆಂಪು. ಕುಂಕುಮ ಚೆಲ್ಲಿದ ಹಾಗೆ ಕೆಂಪು. ಬಿಸಿಲು ಕಾಣದೇ ಇದ್ದಿದ್ದಕ್ಕೆ ಹಾಗೇ ಉಳ್ಕೊಂಡಿದೆ. ಮುತ್ತಜ್ಜಿ ಹಂಡೆ ನೀರಲ್ಲಿ ನೋಡ್ಕೊಂಡಿದ್ದು ಈ ಬಣ್ಣ. ಪಕ್ಕದ ಮಡಿಕೆಯಲ್ಲಿ ಹಳೇ ಹೊಲಿಗೆಯ ಗುರುತು ಮೂರು ಸಾಲು ಇತ್ತು, ಒಂದರ ಪಕ್ಕ ಒಂದು. ಬಿಚ್ಚಿ ಸಡಿಲ ಮಾಡಿದ್ದು, ಮತ್ತೆ ಹಿಡಿದದ್ದು, ಮತ್ತೆ ಬಿಚ್ಚಿದ್ದು. ಅಮ್ಮ ಮಡಿಕೆ ಮೇಲೆ ಟೇಪ್ ಇಟ್ಲು. ಒಂದೂವರೆ ಇಂಚು. ನನ್ನ ಕಡೆ ತಿರುಗಿ ನೋಡಿದ್ಲು, ಅಷ್ಟೇ.

8.

ಬೊಟೀಕ್ ಬ್ಲೌಸಿನ ಉಳಿದ ಪೀಸ್ ಅವರು ವಾಪಸ್ ಕೊಟ್ಟಿರಲಿಲ್ಲ. ಅಮ್ಮ ಸೀರೆಯ ಒಳತುದಿ, ಸೊಂಟಕ್ಕೆ ಸಿಕ್ಕಿಸೋ ಕಡೆ, ಅಲ್ಲಿಂದ ಅಷ್ಟು ಬಟ್ಟೆ ಕತ್ತರಿಸಿದ್ಲು. ಹಸಿರೇ, ಆದ್ರೆ ಒಂದು ಛಾಯೆ ಬೇರೆ. ಎರಡು ಬಗಲಿಗೆ ಎರಡು ಚೌಕ, ಪಕ್ಕಗಳಿಗೆ ಎರಡು ಉದ್ದ ಪಟ್ಟಿ. ಆರಿ ವರ್ಕಿಗೆ ಕೈ ಹಚ್ಚಲಿಲ್ಲ. ರಾತ್ರಿ ಒಂದೂವರೆಗೆ ಮಷಿನ್ ನಿಂತಿತು. ನಾನು ಪಕ್ಕದಲ್ಲೇ ಕೂತು ಹುಕ್ ಹಾಕಿದೆ, ಅದೂ ವಕ್ರ, ಎರಡು ಬಿಚ್ಚಿಸಿದ್ಲು. ಯಾವಾಗಲೋ ಮಧ್ಯೆ "ಅಮ್ಮ, ಆ 45 ರೂಪಾಯಿ ಮಾತು..." ಅಂತ ಶುರು ಮಾಡಿದೆ. "ಲೈಟ್ ಸ್ವಲ್ಪ ಈಕಡೆ ಹಿಡಿ" ಅಂದ್ಲು. ಹಿಡಿದೆ.

ಭಾನುವಾರ ಚನ್ನಗಿರೀಲಿ ಕುಬಸ ಆಯ್ತು. ಅಕ್ಕಂಗೆ ಹುಕ್ ಕೂಡಿತು. ಬಳೆ ತೊಡಿಸೋವಾಗ ಎರಡೂ ಕೈ ಮುಂದೆ ಚಾಚಿದ್ಲು, ಅಕ್ಷತೆ ಹಾಕಿದ ಅಜ್ಜಿಯ ಕಾಲು ಮುಟ್ಟೋಕೆ ಬಗ್ಗಿದ್ಲು, ಎಲ್ಲೂ ಹಿಡೀಲಿಲ್ಲ. ಅವಳ ನಾದಿನಿ ಬಂದು "ಎಷ್ಟು ಚೆನ್ನಾಗಿ ಕೂತಿದೆ, ಯಾವ ಬೊಟೀಕ್?" ಅಂತ ಕೇಳಿದ್ರು. ಅಕ್ಕ ಬೊಟೀಕಿನ ಹೆಸರನ್ನೇ ಹೇಳಿದ್ಲು. ನಂಗೆ ಸಿಟ್ಟು ಬಂತು, ಸುಳ್ಳು ಹೇಳಲ್ಲ. ಅಮ್ಮ ಊಟದ ಎಲೆ ಹಾಕ್ತಿದ್ಲು, ಕೇಳಿಸ್ತೋ ಇಲ್ವೋ.

ಮೂರನೇ ಫೋಟೋ ಜೂಮ್ ಮಾಡಿ. ಅಕ್ಕ ಹೂವು ಸರಿ ಮಾಡ್ಕೊಳ್ಳೋಕೆ ಕೈ ಎತ್ತಿದಾಳಲ್ಲ, ಬಗಲ ಹತ್ರ ಒಂದು ಹಸಿರು ಚೌಕ ಕಾಣುತ್ತೆ. ಅದು.

9.

ಜಂಪರ್ ಏನಾಯ್ತು ಅಂತ ಕೇಳ್ತೀರ. ಎಡಗಡೆ ಬಗಲು ಇನ್ನೂ ಬಿಚ್ಚಿದಂಗೇ ಇದೆ. ಅಮ್ಮ ಐದು ನಿಮಿಷದಲ್ಲಿ ಮಷಿನಲ್ಲಿ ಹಾಕಿಕೊಡ್ತೀನಿ ಅಂದ್ರೆ ಅಜ್ಜಿ ಬೇಡ ಅಂದ್ಲು. ತಾನೇ ಕೈಯಲ್ಲಿ ಹಾಕ್ತಾಳಂತೆ. ಕಣ್ಣು ಕಾಣಲ್ಲ, ಸೂಜಿಗೆ ದಾರ ಪೋಣಿಸೋಕಾಗಲ್ಲ. ಕಾಲೇಜಿಂದ ಬಂದ ಮೇಲೆ ನಾನು ಪೋಣಿಸಿಕೊಡ್ತೀನಿ, ಅವಳು ಐದಾರು ಟಾಕಾ ಹಾಕ್ತಾಳೆ, ಸಾಕಾಯ್ತು ಅಂತ ಎತ್ತಿಡ್ತಾಳೆ. ಕೆಂಪು ಇನ್ನೂ ಎರಡು ಬೆರಳಷ್ಟು ಕಾಣ್ತಿದೆ.

ನ್ಯೂಸ್‌ಪೇಪರಿನ ಅಚ್ಚು ಅಮ್ಮನ ಮಷಿನ್ ಡಬ್ಬೀಲಿದೆ. ಮೇಲೆ ನನ್ನ ಕೈಬರಹದಲ್ಲಿ "ಮುತ್ತಜ್ಜಿ, ಬಗಲು" ಅಂತ ಬರೆದಿದೀನಿ. ಹೋದ ವಾರ ಒಬ್ಬರು ಬಂದು ತೋಳು ಬಿಗಿ ಅಂದಾಗ ಅಮ್ಮ ಅದನ್ನ ತೆಗೆದು ನೋಡಿದ್ಲು. ಈಗ ಲೈನಿಂಗ್ ಬ್ಲೌಸಿಗೆ 350 ಹೇಳ್ತಾಳೆ. ಇಬ್ಬರು ವಾಪಸ್ ಹೋದ್ರು. ಉಳಿದವರು ಕೊಟ್ರು.

#ಜಂಪರ್ #ಕುಬಸ #ನ್ಯಾಮತಿ #ಅಜ್ಜಿಟ್ರಂಕು